ಗವಾಕ್ಷಿಗೆ ತುಂಬಿದ ಹತ್ತಿ

ಮಲ್ಲೇಶ್ವರದ ಹಳೆಯ ಮನೆಗಳನ್ನು ಒಂದೊಂದಾಗಿ ಕೆಡವಿ ಅಪಾರ್ಟ್‌ಮೆಂಟ್ ಏಳಿಸಲು ಶುರುಮಾಡಿದ್ದ ದಿನಗಳವು. ನಿಮ್ಮ ಬೀದಿಯಲ್ಲೂ ಅಂಥದೊಂದು ಕಾಲ ಬಂದು ಹೋಗಿದ್ದರೆ, ಆ ಸದ್ದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಾನಾಗ ಐದನೇ ಕ್ಲಾಸು. ಪಕ್ಕದ ಮನೆ ಹೋಗಿ ಅಲ್ಲೊಂದು ದೊಡ್ಡ ಗುಂಡಿಯಾಗಿತ್ತು. ಗುಂಡಿಯಲ್ಲಿ ಬಂಡೆ ಸಿಕ್ಕಿತ್ತು. ಬೆಳಗಿನಿಂದ ಸಂಜೆವರೆಗೆ ಅದನ್ನು ಮೆಷಿನ್ನಿನಲ್ಲಿ ಒಡೆಯುತ್ತಿದ್ದರು. ಅಡುಗೆಮನೆಯ ಸ್ಟೀಲು ಲೋಟಗಳು ತಾವಾಗಿಯೇ ಗುನುಗುತ್ತಿದ್ದವು.

ಅದೇ ಚಳಿಗಾಲದಲ್ಲಿ ಅಪ್ಪನ ತಂಗಿ ಸುಧತ್ತೆ ಬಾಣಂತನಕ್ಕೆಂದು ನಮ್ಮ ಮನೆಗೆ ಬಂದಿದ್ದಳು. ಮಗು ದಿನ ತುಂಬುವ ಮೊದಲೇ ಹುಟ್ಟಿತ್ತು. ಎತ್ತಿಕೊಳ್ಳಲು ಅಪ್ಪನೇ ಹೆದರುತ್ತಿದ್ದ. ಚೆನ್ನಾಗಿ ನಿದ್ದೆ ಮಾಡಿದರೆ ಮೈ ತುಂಬಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಮೆಷಿನ್ನು ಶುರುವಾದ ಕೂಡಲೇ ಅದು ಎರಡೂ ಕೈ ಎತ್ತಿ ಬೆಚ್ಚಿಬೀಳುತ್ತಿತ್ತು, ಕುಡಿದ ಹಾಲೆಲ್ಲ ಕಕ್ಕುತ್ತಿತ್ತು. ನನಗೂ ಆ ಭಯ ಅಂಟಿಕೊಂಡಿತು. ಸ್ಕೂಲಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ "ಮಗು ಇದೆಯಾ?" ಎಂದು ಕೇಳುತ್ತಿದ್ದೆ. "ಇನ್ನೆಲ್ಲಿಗೆ ಹೋಗತ್ತೆ, ಬಿಡ್ತು ಅನ್ನು!" ಎಂದು ಅಮ್ಮ ಗದರುತ್ತಿದ್ದಳು.

ಬಾಣಂತಿ ಕೋಣೆಯ ಕಿಟಕಿಯನ್ನು ಅಜ್ಜಿ ಮೊದಲ ದಿನವೇ ಮುಚ್ಚಿಸಿದ್ದಳು. ಸದ್ದು ಬರುತ್ತಿದ್ದುದು ಸೂರಿನ ಹತ್ತಿರ ಗೋಡೆಯಲ್ಲಿದ್ದ ಎರಡು ಗವಾಕ್ಷಿಗಳಿಂದ. ಅವಕ್ಕೆ ಬಾಗಿಲಿಲ್ಲ, ಬರೀ ಸಿಮೆಂಟಿನ ಜಾಲರಿ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದ ಅಪ್ಪ ಏಣಿ ಹಾಕಿಕೊಂಡು ಹತ್ತಿದ. ಮೊದಲು ನ್ಯೂಸ್‌ಪೇಪರು ಅಂಟಿಸಿದ. ಸದ್ದು ನಿಲ್ಲುವುದಿರಲಿ, ಪೇಪರೇ ಪಟಪಟ ಬಡಿದುಕೊಂಡು ತನ್ನದನ್ನೂ ಸೇರಿಸಿತು. ಆಮೇಲೆ ಅವೆನ್ಯೂ ರಸ್ತೆಯಿಂದ ದಪ್ಪ ರಟ್ಟು ತಂದು ಕೂರಿಸಿದ. ಅದೂ ಸಾಲಲಿಲ್ಲ. ಕೊನೆಗೆ ಅಜ್ಜಿಯೇ ಅಟ್ಟದಿಂದ ಹಳೆ ಹಾಸಿಗೆ ಇಳಿಸಿ, ಹೊಲಿಗೆ ಬಿಚ್ಚಿ ಹತ್ತಿ ತೆಗೆದಳು. ಅದನ್ನು ದಿಂಬಿನ ಚೀಲಗಳಿಗೆ ಗಿಡಿದು ಅಪ್ಪ ಗವಾಕ್ಷಿಗೆ ತುರುಕಿದ.

"ಗಾಳಿನೂ ನಿಂತುಹೋಗತ್ತಲ್ವಾ?" ಎಂದು ಅಮ್ಮ ಕೇಳಿದಳು.

"ಬಾಣಂತಿಗೆ ಯಾತಕ್ಕೆ ಗಾಳಿ? ಶೀತ ಆಗ್ಲಿ ಅಂತಲಾ?" ಎಂದಳು ಅಜ್ಜಿ. ಬೀದಿಯ ಅರ್ಧ ಮಕ್ಕಳಿಗೆ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದವಳ ಮಾತಿಗೆ ಅಮ್ಮ ಎದುರಾಡಲಿಲ್ಲ. ಅಪ್ಪ ಏಣಿ ಇಳಿದು ಬಂದ.

ಕೋಣೆ ಗಪ್‌ಚಿಪ್ಪಾಯಿತು. ಮಗು ಹಾಲು ಕುಡಿದು ಬೆಚ್ಚದೆ ಮಲಗಿತು. ಅಪ್ಪ ಬೀಗಿದ್ದೇ ಬೀಗಿದ್ದು.

ಮಾರನೇ ದಿನ ಭಾನುವಾರ. ಭಾನುವಾರವೂ ಮೆಷಿನ್ನಿಗೆ ರಜೆ ಇರಲಿಲ್ಲ. ಅಜ್ಜಿ ತಾಯಿ ಮಗು ಇಬ್ಬರಿಗೂ ಎಣ್ಣೆ ಸವರಿ ಬಿಸಿಬಿಸಿ ನೀರು ಹಾಕಿದಳು. ಕೋಣೆಗೆ ಕೆಂಡದ ಒಲೆ ತಂದು ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ, ಸುಧತ್ತೆಯ ಕೂದಲಿಗೆ ಹೊಗೆ ಹಿಡಿದಳು. ದಿನವೂ ನಡೆಯುತ್ತಿದ್ದ ಕೆಲಸವೇ. ದಿನವೂ ಆ ಹೊಗೆ ಗವಾಕ್ಷಿಯಿಂದ ಹೊರಗೆ ಹೋಗುತ್ತಿತ್ತು. ಚಳಿ ಜಾಸ್ತಿ ಇದೆ, ಬೆಚ್ಚಗಿರಲಿ ಎಂದು ಅಜ್ಜಿ ಒಲೆಯನ್ನು ಮಂಚದ ಹತ್ತಿರವೇ ಬಿಟ್ಟು ಬಾಗಿಲೆಳೆದುಕೊಂಡು ಬಂದಳು.

ನಡುಮನೆಯಲ್ಲಿ ನಾನೂ ಅಜ್ಜಿಯೂ ನೆನೆಸಿದ ಅವರೆಕಾಳು ಹಿತಕುತ್ತಾ ಕೂತೆವು. ಮನೆಯೆಲ್ಲ ಅವರೆಯ ಸೊಗಡು. ನಾನು ಒಂದೊಂದು ಕಾಳನ್ನು ಅಜ್ಜಿಯ ಕಡೆಗೆ ಚಿಮ್ಮಿ ಆಡುತ್ತಿದ್ದೆ. ಹಾಲಿನ ಹೊತ್ತಾದರೂ ಮಗು ಅಳಲಿಲ್ಲ.

"ಅಜ್ಜಿ, ಒಂದ್ಸಲ ನೋಡ್ಕೊಂಡ್ ಬರ್ಲಾ?"

"ಎಬ್ಬಿಸ್ಬೇಡ ಕಣೇ. ಹುಟ್ಟಿದಾಗಿಂದ ಇವತ್ತೇ ಇಷ್ಟು ಚೆನ್ನಾಗಿ ನಿದ್ದೆ ಮಾಡ್ತಿರೋದು."

ಅವಳ ಮುಖದಲ್ಲಿ ಅಷ್ಟು ಸಮಾಧಾನ ಇತ್ತು. ನಾನು ಮಾತ್ರ ಆಟ ಬಿಟ್ಟು ಮುಚ್ಚಿದ ಬಾಗಿಲನ್ನೇ ನೋಡುತ್ತಾ ಕೂತೆ.

ಮೆಣಸಿನ ಸಾರು ಕಲಸಿದ ಅನ್ನ ಹಿಡಿದು ಬಾಗಿಲು ತಳ್ಳಿದವಳು ಅಮ್ಮ. ಒಳಗಿನಿಂದ ಬಿಸಿ ಝಳ ಮುಖಕ್ಕೆ ಬಡಿಯಿತು. ಸುಧತ್ತೆ ಏಳಲು ಹೋಗಿ, ಆಗದೆ, ಮಂಚದ ಅಂಚಿಗೆ ವಾಲಿದಳು. "ಅತ್ತಿಗೆ... ತಲೆ..." ಎಂದವಳು ಅಲ್ಲೇ ವಾಂತಿ ಮಾಡಿಕೊಂಡಳು. ಅಮ್ಮನ ಕೈಯ ತಟ್ಟೆ ಬಿತ್ತು. ಅವಳು ಮಗುವನ್ನು ಬಾಚಿಕೊಂಡಳು. ಅದರ ಕತ್ತು ಅವಳ ತೋಳಿನಿಂದಾಚೆ ಜೋತುಬಿತ್ತು. ಅದನ್ನು ಕಂಡು ನಾನು ಕಿರುಚಿದೆ.

ಅಮ್ಮ ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದಳು. ಅಪ್ಪ ತಂಗಿಯನ್ನು ಹೊತ್ತು ತಂದು ಜಗಲಿಯ ಮೇಲೆ ಒರಗಿಸಿದ. ಕಾಂಪೌಂಡಿನ ಆಚೆ ಮೆಷಿನ್ನು ಬಂಡೆಯನ್ನು ಕುಟ್ಟುತ್ತಲೇ ಇತ್ತು. ಅಮ್ಮ ಮಗುವಿನ ಅಂಗಾಲು ತಿಕ್ಕಿದಳು, ಕೆನ್ನೆ ತಟ್ಟಿದಳು. ಎಷ್ಟೋ ಹೊತ್ತಿನ ಮೇಲೆ ಅದು ಮುಖ ಕಿವುಚಿತು, ಬಾಯಿ ಅಗಲವಾಗಿ ತೆರೆಯಿತು. ಮಗು ಅಳುತ್ತಿರುವುದು ನಮಗೆ ಕಾಣಿಸಿತು. ಆ ಗದ್ದಲದಲ್ಲಿ ಕೇಳಿಸಲಿಲ್ಲ. ಅಮ್ಮ ಅದರ ಬಾಯಿಯ ಹತ್ತಿರ ಕಿವಿಯಿಟ್ಟು, ಕೇಳಿಸಿಕೊಂಡು, ಅತ್ತುಬಿಟ್ಟಳು.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಕ್ಸಿಜನ್ ಕೊಟ್ಟರು. "ಕೆಂಡ ಇಟ್ಟು, ಗಾಳಿ ಆಡೋ ಜಾಗನೆಲ್ಲ ಮುಚ್ಚಿದ್ರಾ? ಇನ್ನು ಸ್ವಲ್ಪ ಹೊತ್ತಾಗಿದ್ರೆ ಇಬ್ರೂ ಉಳೀತಿರ್ಲಿಲ್ಲ" ಎಂದರು ಡಾಕ್ಟರು. ಇಬ್ಬರೂ ಉಳಿದರು. ಮನೆಗೆ ಬಂದ ಅಪ್ಪ ಏಣಿ ಹತ್ತಿ ಹತ್ತಿಯನ್ನೆಲ್ಲ ಕಿತ್ತು ಕೆಳಗೆಸೆದ. ಸದ್ದು ಮತ್ತೆ ಒಳಗೆ ಬಂತು. ಅಜ್ಜಿಯನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತೇನೋ ಎಂದು ಈಗ ಅನ್ನಿಸುತ್ತದೆ.

ಆಮೇಲೆ ಅಜ್ಜಿ ಯಾವ ಮಗುವಿಗೂ ನೀರು ಹಾಕಲಿಲ್ಲ. ಬೀದಿಯವರು ಕರೆಯಲು ಬಂದರೆ ಸೊಂಟ ನೋವು ಎನ್ನುತ್ತಿದ್ದಳು. ನಮ್ಮ ಮನೆಯೂ ಹೋಗಿ ಈಗ ಅದೇ ಜಾಗದಲ್ಲಿ ಫ್ಲ್ಯಾಟಿನಲ್ಲಿದ್ದೇವೆ. ಕಿಟಕಿಯ ಗಾಜು ಎಳೆದರೆ ಹೊರಗಿನ ಒಂದು ಸದ್ದೂ ಬರುವುದಿಲ್ಲ. ಆದರೆ ಅಜ್ಜಿ ಎಳೆಯಲು ಬಿಡುವುದಿಲ್ಲ. ಸುಧತ್ತೆಯ ಮಗ ಈಗ ಅಪ್ಪನಿಗಿಂತ ಎತ್ತರ. ಬಂದಾಗಲೆಲ್ಲ ಅಜ್ಜಿಯ ಕಾಲಿಗೆ ಬೀಳುತ್ತಾನೆ, ಅವಳು ಅವನ ತಲೆ ಮುಟ್ಟಿ ಬೇಗ ಕೈ ತೆಗೆಯುತ್ತಾಳೆ.

ಹೋದ ವರ್ಷ ನನಗೆ ಮಗಳು ಹುಟ್ಟಿದಳು. ಎಣ್ಣೆ ಸವರಿದ ಕೂಸು ಕೈಯಿಂದ ಜಾರುತ್ತಿತ್ತು, ನನಗೆ ಜೀವದಲ್ಲಿ ಜೀವ ಇರಲಿಲ್ಲ. ಬಚ್ಚಲ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಅಜ್ಜಿಯ ಕಡೆಗೆ ಮಗುವನ್ನು ಚಾಚಿದೆ.

"ಅಜ್ಜಿ, ನೀನೇ ಹಾಕು. ನಂಗೆ ಬರಲ್ಲ."

ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬೇಡ ಕಣೇ ಪುಟ್ಟಿ. ನೀನೇ ಹಾಕು, ನಾನು ನೋಡ್ತಾ ಇರ್ತೀನಿ. ಬಾಗ್ಲು ಮಾತ್ರ ತೆಗೆದಿಡು."

ನಾನು ಬಾಗಿಲು ತೆಗೆದಿಟ್ಟು, ಮೊಬೈಲಿನಲ್ಲಿ ನೋಡಿ ಕಲಿತ ಹಾಗೆ ಮಗುವಿಗೆ ನೀರು ಹಾಕಿದೆ.