ಚೌಡಮ್ಮನ ಹೊಲದ ಮಣ್ಣು

ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಔಷಧಿ ಹೊಡೆಯುವುದರಲ್ಲಿ ತಾಳವಾಡಿ ಸೀಮೆಯಲ್ಲೇ ಚೌಡಮ್ಮನನ್ನು ಮೀರಿಸುವವರಿರಲಿಲ್ಲ. ಎಲೆಕೋಸು, ಬೆಳ್ಳುಳ್ಳಿ, ಟೊಮೆಟೊ, ಯಾರ ಹೊಲವಾದರೂ ಸರಿ, ಕೂಲಿಗೆ ಕರೆದರೆ ಹೋಗುತ್ತಿದ್ದಳು. ಅಂಥವಳು ಒಂದು ದಿನ ಆ ಕೆಲಸಕ್ಕೆ ಕೈಮುಗಿದು, ರಾಗಿ ಬಿಟ್ಟು ಬೇರೇನೂ ಕಾಣದ ತನ್ನ ತುಂಡು ಹೊಲದಲ್ಲಿ ಔಷಧಿ ಮುಟ್ಟದೆ ಟೊಮೆಟೊ ಬೆಳೆಯುತ್ತೇನೆಂದು ಹೊರಟರೆ ಊರು ನಗದೆ ಬಿಡುತ್ತದೆಯೇ? "ಕದ್ದು ಔಸ್ದಿ ಒಡಿತಾಳೆ, ಸುಮ್ನಿರ್ಲಾ" ಎಂದು ಆಡಿಕೊಂಡರು. ಚೌಡಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ನಕ್ಕರೆ ನಗಲಿ, ಸುಳ್ಳುಗಾತಿ ಎನ್ನುವುದೇ?

ವಿಷವಿಲ್ಲದ ಬೆಳೆಯವರ ಸಂಘದಿಂದ ಮಣ್ಣನ್ನು ಪರೀಕ್ಷೆಗೆ ಕಳಿಸುತ್ತಾರೆಂದು ತಿಳಿದಾಗ ಎಲ್ಲರಿಗಿಂತ ಮೊದಲು ಓಡಿದವಳು ಅವಳೇ. ಮಣ್ಣು ತೆಗೆಯುವ ಬಗೆಯನ್ನು ಸಂಘದ ಹುಡುಗಿ ದಿವ್ಯ ಹೇಳಿಕೊಟ್ಟಳು. ಹೊಲದ ನಾಲ್ಕಾರು ಕಡೆ ಗುಂಡಿ ತೋಡಬೇಕು, ಎಲ್ಲ ಮಣ್ಣನ್ನೂ ಬೆರೆಸಬೇಕು. ಅರ್ಧ ಕೊಯಮತ್ತೂರಿನ ಲ್ಯಾಬಿಗೆ, ಅರ್ಧ ಸಂಘದ ಕಪಾಟಿಗೆ. ಹುಡುಗಿ ಹೇಳಿದಂತೆಯೇ ಮಾಡಿ ಚೌಡಮ್ಮ ಚೀಲ ಒಪ್ಪಿಸಿದಳು.

ಫಲಿತಾಂಶ ಬಂತು. ಮಣ್ಣಿನಲ್ಲಿ ಕೀಟನಾಶಕ ಇದೆ!

ಚೌಡಮ್ಮ ಸಂಘದ ಹೊಸ್ತಿಲಲ್ಲೇ ಕೂತು ಆಣೆಯಿಟ್ಟಳು. "ನನ್ನ ಮಕ್ಳಾಣೆಗೂ ಒಡ್ದಿಲ್ಲ ಕಣವ್ವ. ಇನ್ನು ಊರಲ್ಲಿ ಎಂಗವ್ವ ತಲೆ ಎತ್ಲಿ?"

ದಿವ್ಯಳಿಗೆ ಅವಳ ಮಾತಿನಲ್ಲಿ ನಂಬಿಕೆಯಿತ್ತು. ಕಪಾಟಿನಲ್ಲಿದ್ದ ಮಣ್ಣನ್ನು ಹಳೆ ಪೇಪರಿನ ಮೇಲೆ ಸುರಿದು ಬೆರಳಾಡಿಸಿದಳು. ಅಲ್ಲಲ್ಲಿ ಒಣಗಿದ ಹಳದಿ ಎಸಳು!

"ಇದೇನು ದೊಡ್ಡವ್ವ?"

"ಚೆಂಡೂವ ಕಣವ್ವ. ಭೂಮ್ತಾಯಿ ಒಟ್ಟೆ ಬಗೆಯಾಗ ಒಂದ್ ಊವಾದ್ರೂ ಇಕ್ಬ್ಯಾಡ್ವಾ? ಗುಂಡಿ ಗುಂಡಿಗೂ ಇಕ್ಕಿ ಕೈ ಮುಗ್ದೆ."

"ಹೂವ ಎಲ್ಲಿಂದ ತಂದೆ?"

"ಮಲ್ಲಪ್ಪನ ಒಲ..." ಎಂದವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಪಕ್ಕದ ಹೊಲದ ಮಲ್ಲಪ್ಪ ಚೆಂಡುಹೂವಿಗೆ ಬಿಡುವಿಲ್ಲದೆ ಔಷಧಿ ಹೊಡೆಸುತ್ತಿದ್ದ. ಎಷ್ಟೋ ಸಲ ಹೊಡೆದವಳು ಇವಳೇ! "ಅಯ್ಯೋ ನನ್ ಬುದ್ಧಿಗಿಷ್ಟು! ತಾಯ್ಗೆ ನಾನೇ ವಿಸ ಮುಡಿಸ್ಬುಟ್ನಲ್ಲಾ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ನಗುವನ್ನು ಲ್ಯಾಬಿಗೆ ಕಳಿಸಲು ಬರುವುದಿಲ್ಲವಲ್ಲ! ಮತ್ತೆ ಮಣ್ಣು ತೆಗೆಯಬೇಕು, ಈ ಸಲ ಹೊಸ ಜಾಗದಲ್ಲಿ, ಹೂವಿಲ್ಲದೆ. ತಾಯಿಗೆ ಏನೂ ಇಡದೆ ಬರಿಗೈಯಲ್ಲಿ ಭೂಮಿ ಅಗೆಯಲು ಚೌಡಮ್ಮನಿಗೆ ಮನಸ್ಸು ಒಪ್ಪಲಿಲ್ಲ. ದಿವ್ಯ ಗುದ್ದಲಿ ಹಿಡಿದು ಕಾಯುತ್ತಿದ್ದರೆ ಇವಳು ಮಂಡಿಯೂರಿ, ಹಣೆಯನ್ನೇ ನೆಲಕ್ಕೆ ಹಚ್ಚಿ, "ತಪ್ಪು ಒಟ್ಟೆಗಾಕ್ಕೊ ತಾಯಿ" ಎಂದಳು. ಆಮೇಲೇ ಗುದ್ದಲಿ ಇಸಿದುಕೊಂಡದ್ದು.

ಆಮೇಲಿನ ದಿನಗಳಲ್ಲಿ ಅವಳಿಗೆ ಊಟ ಸೇರಿದರೆ ಕೇಳಿ! ಟೊಮೆಟೊ ಕೆಂಪಗೆ ತೂಗುತ್ತಿತ್ತು. ಅದರ ಕಡೆ ನೋಡಲೂ ಭಯ.

ಒಂದು ಬೆಳಿಗ್ಗೆ ದಿವ್ಯಳ ಸ್ಕೂಟರು ದಾರಿಯುದ್ದಕ್ಕೂ ಹಾರ್ನ್ ಹೊಡೆಯುತ್ತ ಬಂತು. ಅದನ್ನು ನಿಲ್ಲಿಸುವ ವ್ಯವಧಾನವೂ ಇಲ್ಲದೆ ಹುಡುಗಿ ಬೇಲಿಯಾಚೆಯಿಂದಲೇ ಕೂಗಿದಳು: "ಏನೂ ಇಲ್ಲ ದೊಡ್ಡವ್ವ! ನಿನ್ನ ಮಣ್ಣಲ್ಲಿ ಏನೇನೂ ಇಲ್ಲ!"

"ಇನ್ನೊಂದ್ಸಲ ಕೂಗವ್ವ, ಊರ್ಗೆಲ್ಲ ಕೇಳ್ಲಿ!"

ದಿವ್ಯ ಕೂಗಿದಳು. ಚೌಡಮ್ಮ ಅಳುತ್ತಲೇ ನಕ್ಕಳು, ನಗುತ್ತಲೇ ಗಿಡಕ್ಕೆ ಕೈಹಾಕಿ ಎರಡು ಹಣ್ಣು ಕಿತ್ತಳು. ಒಂದನ್ನು ದಿವ್ಯಳ ಕೈಗಿಟ್ಟಳು. ಅವಳು ನೀರಿನ ಬಾಟಲಿಗೆ ಕೈ ಹಾಕಿದ್ದೇ ತಡ, ಚೌಡಮ್ಮ ಪಟ್ಟೆಂದು ಕೈ ಮೇಲೆ ಹೊಡೆದಳು.

"ತೊಳಿಬ್ಯಾಡ ಕಣವ್ವ, ಅಂಗೇ ಕಡಿ!"

ತಾನೂ ಕಚ್ಚಿದಳು. ರಸ ಗದ್ದಕ್ಕಿಳಿಯಿತು. ಟೊಮೆಟೊ ಹೊಲಗಳಲ್ಲೇ ಮುಕ್ಕಾಲು ಆಯಸ್ಸು ಕಳೆದವಳು ಗಿಡದ ಹಣ್ಣನ್ನು ತೊಳೆಯದೆ ಬಾಯಿಗಿಟ್ಟದ್ದು ಅದೇ ಮೊದಲು.