ಮಾಸ್ತರರ ಎದೆಯ ಮಷಿನ್ನು

ಎಂಬತ್ತರ ದಶಕದ ಕೊನೆಗೆ ನನ್ನ ಎದೆಯೊಳಗೆ, ಎಡಹೆಗಲಿನ ಕೆಳಗೆ ಪೇಸ್‌ಮೇಕರ್ ಇಟ್ಟರು. ಹಾವೇರಿಯ ನಮ್ಮ ಓಣಿಯ ಹೆಂಗಸರು ನಳದ ಹತ್ತಿರ ಸಿಕ್ಕಾಗಲೆಲ್ಲ ಅದನ್ನು ಮುಟ್ಟಿ ನೋಡುವವರೇ. "ಗಡಿಯಾರದಂಗ ಕೀಲಿ ಕೊಡಬೇಕೇನವಾ?" ಎಂದು ಒಬ್ಬಾಕೆ ಕೇಳಿದಳು. "ಹೌದು, ನಿನ್ನ ಕೈಲೇ ಕೊಡಸ್ಬೇಕಂತ" ಎಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

ಕೆಲವು ವರ್ಷಗಳಿಗೆ ಬ್ಯಾಟರಿ ಇಳಿಯಿತು. ಇಡೀ ಮಷಿನ್ನೇ ಹೊಸದು ಬೇಕೆಂದರು ಹುಬ್ಬಳ್ಳಿಯ ಡಾಕ್ಟರು. ಬೆಲೆ ಕೇಳಿ ನಮ್ಮ ಮನೆಯವರು ಬೆಂಚಿನ ಮೇಲೆ ಕುಸಿದರು. ನಮಗಿದ್ದದ್ದು ಬ್ಯಾಡಗಿಯಲ್ಲಿ ಒಂದು ಮೆಣಸಿನಕಾಯಿ ಅಂಗಡಿ, ಅಷ್ಟೇ. ತೀರಿಕೊಂಡವರ ಮಷಿನ್ ಸಿಕ್ಕರೆ ಶುದ್ಧಮಾಡಿ ಹಾಕಬಹುದು, ಆದರೆ ಮಣ್ಣು ಮಾಡುವ ಮೊದಲೇ ತೆಗೆಸಬೇಕು ಎಂದೂ ಹೇಳಿದರು.

ಅದೇ ಬೆಂಚಿನ ಮೇಲೆ ರಾಣೆಬೆನ್ನೂರಿನ ನಿವೃತ್ತ ಮಾಸ್ತರರೊಬ್ಬರು ನಮಗೆ ಪರಿಚಯವಾಗಿದ್ದರು. ಅವರದೂ ಅಂಥದೇ ಮಷಿನ್, ಹಿಂದಿನ ವರ್ಷವಷ್ಟೇ ಹಾಕಿದ್ದು. ಸಿಕ್ಕಾಗಲೆಲ್ಲ ನಮಸ್ಕಾರದ ಬದಲು "ನಡದೈತೇನ್ರಿ?" ಎನ್ನುವರು. ಅವತ್ತು ನನ್ನ ಮುಖ ನೋಡಿ, "ಚಿಂತಿ ಯಾಕ ತಂಗಿ, ನಾ ಹೋದ್ರ ನಂದು ನಿಮಗ" ಎಂದು ನಕ್ಕರು.

"ಥೂ, ಬಿಡ್ತು ಅನ್ರಿ!" ಎಂದೆ.

ಹೋಳಿ ಹುಣ್ಣಿಮೆ ಮುಂದೆ ಅವರು ತೀರಿಕೊಂಡ ಸುದ್ದಿ ಬಂತು. ಅಯ್ಯೋ ಪಾಪ ಅನ್ನುವುದಕ್ಕೂ ಮೊದಲು ನನಗೆ ಮಷಿನ್ ನೆನಪಾಯಿತು. ಹಾಳಾದ ಜೀವದಾಸೆ! ಗಂಡ ಹೆಂಡತಿ ಇಬ್ಬರೂ ಬಸ್ ಹತ್ತಿದೆವು.

ಪಡಸಾಲೆಯಲ್ಲಿ ಮಾಸ್ತರರನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿದ್ದರು. ಕುಣಿ ತೋಡಿ ಆಗಿತ್ತು. ಆದರೆ ಆಸ್ಪತ್ರೆಗೆ ಅವರ ಜೊತೆ ಬರುತ್ತಿದ್ದ ಹೆಂಡತಿ ಹೆಣ ಎತ್ತಗೊಡುತ್ತಿರಲಿಲ್ಲ, ಗಂಡನ ಎದೆಯ ಮೇಲೆ ಅಂಗೈ ಊರಿ ಕೂತುಬಿಟ್ಟಿದ್ದರು. ನನ್ನನ್ನು ಕಂಡದ್ದೇ ಇನ್ನೊಂದು ಕೈಯಿಂದ ನನ್ನ ಕೈ ಹಿಡಿದರು.

"ನೀವರ ಹೇಳ್ರಿ. ಬ್ಯಾಟರಿ ಇನ್ನೂ ಭಾಳ ವರ್ಷ ನಡೀತೈತಿ ಅಂದಿದ್ರು. ಮಷಿನ್ ನಡದಿರೋವಾಗ ಮನಷ್ಯಾ ಹೆಂಗ ಸಾಯ್ತಾನ್ರಿ?"

ಕೂಡಿದ ಮಂದಿಯೆಲ್ಲ ನನ್ನ ಬಾಯಿ ನೋಡಿದರು. ಬಾಗಿಲಲ್ಲಿ ನಮ್ಮ ಮನೆಯವರು ಕೆಮ್ಮಿದರು. ಈಗ ಕೇಳು ಎಂದು ಅದರ ಅರ್ಥ. ಆಕೆಯ ಬೆರಳುಗಳ ಕೆಳಗೆ ಆ ಉಬ್ಬು ಕಾಣುತ್ತಿತ್ತು. ಕೊಯ್ದು ತೆಗೆದು ನನಗೆ ಕೊಡಿ ಎಂದು ಯಾವ ಬಾಯಿಂದ ಹೇಳಲಿ?

"ಅದು ಬರೇ ಬಾಗಲಾ ಬಡೀತೈತ್ರಿ ಅಕ್ಕಾರ," ಎಂದೆ. "ತೆಗಿಯೋರು ಒಳಗಿರಬೇಕಲ್ರಿ. ಮಾಸ್ತರು ಎದ್ದು ಹೋಗ್ಯಾರ. ಕಳಿಸಿ ಕೊಡ್ರಿ."

ಬಹಳ ಹೊತ್ತಿನ ಮೇಲೆ ಆಕೆ ಕೈ ತೆಗೆದರು. ಮಂದಿ ಮಾಸ್ತರರನ್ನು ಎತ್ತಿಕೊಂಡು ಹೋದರು, ಮಷಿನ್ ಸಮೇತ. ಸಾವಿನ ಮನೆಯಲ್ಲಿ ಹೋಗಿ ಬರ್ತೀವಿ ಅನ್ನಬಾರದು. ಹೇಳದೆಯೇ ಹೊರಟೆವು.

ಬಸ್ಸು ಮೋಟೆಬೆನ್ನೂರು ದಾಟಿತು. "ಕೇಳಬೇಕಿತ್ತು" ಎಂದರು ನಮ್ಮ ಮನೆಯವರು. ಕಿಡಕಿಯ ಕಡೆ ಮುಖ ಮಾಡಿ ಅತ್ತೆ.

ಅಂಗಡಿ ಮಾರಿದೆವು. ಹೊಸ ಮಷಿನ್ ಬಂತು. ನಮ್ಮ ಮನೆಯವರು ಈಗ ಅದೇ ಅಂಗಡಿಯಲ್ಲಿ ಪರರ ಕೈಕೆಳಗೆ ಸಂಬಳಕ್ಕೆ ಮೆಣಸಿನಕಾಯಿ ತೂಗುತ್ತಾರೆ. ಸಂಜೆ ಘಾಟಿಗೆ ಕೆಮ್ಮುತ್ತ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ: "ನಡದೈತೇನ?"