ಇಟಲಿ ಕಾರಿನ ಎಡಗಡೆ ಸೀಟು

ಭಾವನ ಕಾರಿನ ಬಗ್ಗೆ ತರೀಕೆರೆಯಲ್ಲಿ ಹಬ್ಬಿದ್ದ ಮಾತುಗಳಲ್ಲಿ ನಾನು ಖಚಿತಪಡಿಸಿಕೊಳ್ಳಲು ಆದದ್ದು ಎರಡು ಮಾತ್ರ. ಅದು ಇಟಲಿಯಲ್ಲಿ ತಯಾರಾದದ್ದು. ಅದರ ಮೊದಲ ಒಡೆಯರು ಉತ್ತರದ ಸಂಸ್ಥಾನವೊಂದರ ಯುವರಾಜರು. ಅದು ವಿಮಾನದ ಜೊತೆ ಪಂದ್ಯ ಕಟ್ಟಿ ಗೆದ್ದಿತ್ತು, ಅಂಥದ್ದು ಇಡೀ ಏಷ್ಯಾದಲ್ಲೇ ಇನ್ನೊಂದಿಲ್ಲ ಎಂಬುದೆಲ್ಲ ಅಡಿಕೆ ಮಂಡಿಯ ಜಗಲಿಯಲ್ಲಿ ಹುಟ್ಟಿದ್ದು. ನಾನಾಗ ಕಡೂರಿನಲ್ಲಿದ್ದುಕೊಂಡು ಬೆಂಗಳೂರಿನ ಪತ್ರಿಕೆಯೊಂದಕ್ಕೆ ಸುತ್ತಲಿನ ಊರುಗಳ ಸುದ್ದಿ ಕಳಿಸುತ್ತಿದ್ದೆ. ಜಗಲಿಯಲ್ಲಿ ಹುಟ್ಟಿದ್ದನ್ನು ಕಳಿಸುವಂತಿರಲಿಲ್ಲ.

ಯುವರಾಜರು ತಮ್ಮ ಕಾಲದಲ್ಲಿ ಕಾರಿನ ಪಂದ್ಯಗಳಲ್ಲಿ ಹೆಸರು ಮಾಡಿದವರು. ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ನಿಂತ ಅವರ ಚಿತ್ರ ಇಂಗ್ಲಿಷ್ ಪತ್ರಿಕೆಗಳಲ್ಲಿ ಬರುತ್ತಿತ್ತು. ಸರ್ಕಾರ ಕೊಡುತ್ತಿದ್ದ ರಾಜಧನ ನಿಂತ ಮೇಲೆ ಅವರು ಮಾರಿದ ವಸ್ತುಗಳಲ್ಲಿ ಈ ಕಾರೂ ಒಂದು. ಮೊದಲು ಬೆಟ್ಟದ ಮೇಲಿನ ಕಾಫಿ ಪ್ಲಾಂಟರೊಬ್ಬರ ಕೈಗೆ ಬಂತು. ಅದರ ಹೊಟ್ಟೆ ನೆಲಕ್ಕೆ ಎಷ್ಟು ಹತ್ತಿರವೆಂದರೆ ಎಸ್ಟೇಟ್ ದಾರಿಯ ಪ್ರತಿ ಕಲ್ಲೂ ತಾಗುತ್ತಿತ್ತು. ಬೇಸತ್ತ ಪ್ಲಾಂಟರ್ ಅದನ್ನು ನನ್ನ ಅಕ್ಕನ ಗಂಡನಿಗೆ ದಾಟಿಸಿದರು. ತರೀಕೆರೆಯಲ್ಲಿ ಅಡಿಕೆ ಮಂಡಿ ನಡೆಸುತ್ತಿದ್ದ ಭಾವ, ಒಂದು ಮೂಟೆ ಅಡಿಕೆಯೂ ಹಿಡಿಸದ ಆ ಗಾಡಿಯನ್ನು ಯಾಕೆ ಕೊಂಡರೆಂದು ಅಕ್ಕನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

ಎರಡೇ ಬಾಗಿಲು, ಉದ್ದನೆಯ ಮೂತಿ, ಮಾಸಿದ ಬೆಳ್ಳಿ ಲೋಟದ ಬಣ್ಣ. ಸ್ಟೀರಿಂಗ್ ಮಾತ್ರ ಎಡಗಡೆ. ತಾಪತ್ರಯವೆಲ್ಲ ಶುರುವಾದದ್ದು ಅಲ್ಲಿಂದ.

ಕಾರು ಬಂದ ಕೆಲವು ತಿಂಗಳಿಗೆ ಮಠದ ಸ್ವಾಮಿಗಳು ತರೀಕೆರೆಗೆ ದಯಮಾಡಿಸಿದರು. ಅವರನ್ನು ಸಭೆಯ ಜಾಗಕ್ಕೆ ತನ್ನ ಕಾರಿನಲ್ಲೇ ಕರೆದೊಯ್ಯಬೇಕೆಂದು ಭಾವ ಹಟ ಹಿಡಿದರು. ನಮ್ಮ ಕಡೆ ದೊಡ್ಡವರನ್ನು ಕೂರಿಸುವುದು ಮುಂದಿನ ಎಡಗಡೆ ಸೀಟಿನಲ್ಲಿ. ಭಕ್ತರೊಬ್ಬರು ಅಭ್ಯಾಸದಂತೆ ಆ ಬಾಗಿಲನ್ನೇ ತೆಗೆದರು. ಸ್ವಾಮಿಗಳು ಒಳಗೆ ಇಳಿದು ಕೂತರು. ಎದುರಿಗೆ ಸ್ಟೀರಿಂಗ್. ಕೂತ ಗುರುಗಳಿಗೆ ಏಳಿ ಎನ್ನುವ ಧೈರ್ಯ ಅಲ್ಲಿದ್ದ ಯಾರಿಗೂ ಬರಲಿಲ್ಲ. ಭಾವ ಕಿಟಕಿಯಿಂದ ಕೈ ತೂರಿಸಿ ಸ್ಟೀರಿಂಗ್ ಹಿಡಿದರು. ಮಂಡಿಯ ಹಮಾಲರು ಹಿಂದಿನಿಂದ ತಳ್ಳಿದರು. ಮುಂದೆ ವಾಲಗ. ಇಟಲಿಯ ಹನ್ನೆರಡು ಸಿಲಿಂಡರಿನ ಎಂಜಿನ್ ಒಂದು ಸದ್ದೂ ಮಾಡದೆ ತರೀಕೆರೆಯ ಪೇಟೆಬೀದಿಯನ್ನು ದಾಟಿತು. ನಾನು ಪತ್ರಿಕೆಗೆ ‘ಸ್ವಾಮಿಗಳಿಗೆ ಭವ್ಯ ಸ್ವಾಗತ’ ಎಂದು ಕಳಿಸಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಗುರುಗಳು ಕೂತ ಪೀಠದ ಮೇಲೆ ನಮ್ಮ ಮನೆಗಳಲ್ಲಿ ಇನ್ನೊಬ್ಬರು ಕೂರುವುದಿಲ್ಲ. ಕುರ್ಚಿಯಾದರೆ ಮಡಿಬಟ್ಟೆ ಹೊದಿಸಿ ಎತ್ತಿಟ್ಟು ಇನ್ನೊಂದು ತರಬಹುದು. ಇದು ಡ್ರೈವರ್ ಸೀಟು. ಭಾವ ಅದಕ್ಕೆ ರೇಷ್ಮೆ ಹಾಸಿದರು, ಸ್ಟೀರಿಂಗಿಗೆ ರುದ್ರಾಕ್ಷಿ ಸರ ಹಾಕಿದರು. ಅಲ್ಲಿಗೆ ಕಾರಿನ ಓಡಾಟ ಮುಗಿಯಿತು.

“ಆ ಸೀಟು ಬಿಚ್ಚಿ ದೇವರ ಮನೇಲಿಡಿ ಭಾವ, ಬೇರೆ ಹಾಕಿಸೋಣ” ಎಂದೆ ಒಮ್ಮೆ.

“ಗದ್ದುಗೆ ಬಿಚ್ತಾರೇನಯ್ಯಾ ಯಾರಾದ್ರೂ? ಪೇಪರ್‌ನೋರಿಗೆ ಬುದ್ಧಿ ಇರಲ್ಲ ಅನ್ನೋದು ಇದಕ್ಕೇಯ.”

ಮಂಡಿಯ ಪಕ್ಕದ ಶೆಡ್ಡಿನಲ್ಲಿ ಕಾರು ನಿಂತಿತು. ದನಗಳು ನುಗ್ಗದಿರಲೆಂದು ಶೆಡ್ಡಿನ ಎದುರಿಗೆ ಎದೆಮಟ್ಟದ ಗೋಡೆ ಎದ್ದಿತು, ಒಬ್ಬರು ನುಸುಳುವಷ್ಟು ಸಂದು ಬಿಟ್ಟು. ಅಮಾವಾಸ್ಯೆಗೊಮ್ಮೆ ಪೂಜೆ. ಮೆಕ್ಯಾನಿಕ್ ಬಲಗಡೆ ಬಾಗಿಲಿನಿಂದ ಹೊಟ್ಟೆಯ ಮೇಲೆ ತೆವಳಿ, ರೇಷ್ಮೆ ಸೋಕದಂತೆ ಕೈಚಾಚಿ ಕೀಲಿ ತಿರುಗಿಸುತ್ತಿದ್ದ. ಎಂಜಿನ್ ಸ್ವಲ್ಪ ಹೊತ್ತು ಗುಡುಗುತ್ತಿತ್ತು. ಮಂಗಳಾರತಿ ಆದ ಮೇಲೆ ನಿಲ್ಲಿಸುತ್ತಿದ್ದರು. ಹೀಗೇ ಎಂಬತ್ತರ ದಶಕ ಬಂತು.

ಆಗ ಪ್ಲಾಂಟರ್ ನನಗೆ ಫೋನ್ ಮಾಡಿದರು. ಯುವರಾಜರಿಗೆ ಕಾಲಿನ ಆಪರೇಷನ್ ನಿಗದಿಯಾಗಿದೆ, ಆಮೇಲೆ ಆ ಕಾಲಿನಲ್ಲಿ ಕ್ಲಚ್ ಒತ್ತಲಾಗದೆಂದು ವೈದ್ಯರು ಹೇಳಿದ್ದಾರೆ, ಅದಕ್ಕೆ ಮೊದಲು ಒಮ್ಮೆ ಆ ಕಾರು ಓಡಿಸಬೇಕಂತೆ. ಕೊಳ್ಳುವುದಿಲ್ಲ, ಒಯ್ಯುವುದಿಲ್ಲ, ಓಡಿಸುವುದಷ್ಟೇ. ಭಾವನಿಗೆ ಹೇಳಿದೆ. ಅವರ ಮುಖ ಅರಳಿತು.

“ಬರ್ಲಿ ಕಣಯ್ಯ, ಬರ್ಲಿ. ಊರೋರೆಲ್ಲ ನೋಡ್ಲಿ.”

“ಓಡಿಸ್ಬೇಕಂತೆ ಭಾವ.”

“ಬರ್ಲಿ ಮೊದ್ಲು.”

ಈ ‘ಬರ್ಲಿ ಮೊದ್ಲು’ ಎಂಬುದಕ್ಕೆ ಒಪ್ಪಿಗೆ ಎಂದು ಅರ್ಥವಿಲ್ಲ ಎಂಬುದು ಯುವರಾಜರು ಕಡೂರು ಸ್ಟೇಷನ್ನಿನಲ್ಲಿ ಇಳಿದ ದಿನ ತಿಳಿಯಿತು. ಎತ್ತರದ ಆಳು, ಕೈಯಲ್ಲಿ ಊರುಗೋಲು. ಬಾಡಿಗೆ ಅಂಬಾಸಿಡರಿನಲ್ಲಿ ತರೀಕೆರೆಗೆ ಕರೆತಂದೆ. ಸಂಜೆಯ ರೈಲಿಗೇ ಮರಳಬೇಕು ಎಂದರು. ಶೆಡ್ಡಿನೊಳಗೆ ನುಸುಳಿ, ಬೆಳಗಿನ ಪೂಜೆಯಲ್ಲಿ ಮೂತಿಗೆ ಬಳಿದ ವಿಭೂತಿ ಪಟ್ಟೆಯನ್ನೂ ರೇಷ್ಮೆಯನ್ನೂ ರುದ್ರಾಕ್ಷಿಯನ್ನೂ ನೋಡಿದರು. ನಗಲಿಲ್ಲ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಕೂರಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಭಾವ ಕೈಮುಗಿದು ಅಡ್ಡ ನಿಂತರು. “ಬಲಗಡೆ ಕೂರೋಕ್ ಹೇಳಪ್ಪಾ. ಬಲಗಡೆ ಎಷ್ಟೊತ್ತು ಬೇಕಾದ್ರೂ ಕೂರ್ಲಿ.”

ಸಾವಿರ ಮೈಲಿ ಬಂದವರಿಗೆ, ನಿಮ್ಮ ಕಾರಿನಲ್ಲಿ ನೀವು ಪಕ್ಕದ ಸೀಟಿನಲ್ಲಿ ಕೂರಬಹುದು ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೇಳಿದೆ. ಅವರು ಕೂರದೆ ಶೆಡ್ಡಿನ ಕಂಬಕ್ಕೆ ಒರಗಿ ನಿಂತರು.

“ಸ್ವಾಮಿಗಳ ಅಪ್ಪಣೆ ತಂದರೆ?” ಎಂದು ಭಾವನನ್ನು ಕೇಳಿದೆ.

“ತಂದ್ರೆ ಸರಿ. ಇವತ್ತು ಅಜ್ಜಂಪುರದಾಗೆ ಪಾದಪೂಜೆ ಐತೆ. ನಡಿ.”

ಒಳಗಿನಿಂದ ಅಕ್ಕ ಬಂದಳು. “ಬಂದ ಮನುಷ್ಯನ್ನ ಕಂಬಕ್ಕೆ ನಿಲ್ಸಿ ಅಜ್ಜಂಪುರಕ್ಕೆ ಹೊಂಟ್ರಾ? ಏನ್ ಜನಾನೋ. ಊಟಕ್ಕಾದ್ರೂ ಹೇಳು ಅವರಿಗೆ.”

ಅಜ್ಜಂಪುರದ ರಸ್ತೆ ಆಗ ಹೇಗಿತ್ತೆಂದರೆ ಅಂಬಾಸಿಡರೇ ನರಳುತ್ತಿತ್ತು. ಪಾದಪೂಜೆಯ ಮನೆಯಲ್ಲಿ ಸರತಿ. ಭಾವ ಸರತಿ ಮೀರಲು ಒಪ್ಪಲಿಲ್ಲ. ಅಪ್ಪಣೆ ಕೇಳಲು ಬಂದವರು ಮುನ್ನುಗ್ಗಬಾರದಂತೆ. ನಾನು ಗಡಿಯಾರ ನೋಡುತ್ತಾ ಕೂತೆ. ಕೊನೆಗೆ ಸ್ವಾಮಿಗಳ ಎದುರು ಭಾವ ಅಡ್ಡಬಿದ್ದು ಎಲ್ಲವನ್ನೂ ಅರಿಕೆ ಮಾಡಿಕೊಂಡರು.

ಸ್ವಾಮಿಗಳು ಎದೆ ಮುಟ್ಟಿಕೊಂಡರು. “ಅವತ್ತು ಆ ಚಕ್ರ ನಮ್ಮ ಎದೆಗೆ ಒತ್ತುತಾ ಇತ್ತು. ಇಟಲಿಯೋರು ಹಿಂಗೇ ಕೂರ್ತಾರೇನೋ ಅಂತ ಸುಮ್ನಿದ್ವಿ. ಅದು ಡ್ರೈವರ್ ಜಾಗ ಅಂತ ಯಾಕೆ ಹೇಳ್ಲಿಲ್ಲ?”

“ಬುದ್ಧೀ, ತಮಗೆ ಹೆಂಗೆ ಹೇಳಾದು?”

“ಅದಕ್ಕೆ ತಳ್ಳಿದ್ರಾ?”

“ಗಾಡಿ ಹೋಗ್ಬೇಕಲ್ಲ ಬುದ್ಧಿ.”

“ಅದು ಕಾರಪ್ಪ, ಗದ್ದುಗೆ ಅಲ್ಲ. ಅವರು ಕೂರ್ಲಿ, ಓಡಿಸ್ಲಿ. ಬೇಗ ಹೋಗು, ಪಾಪ.”

ದಾರಿಯುದ್ದಕ್ಕೂ ಭಾವ ಸಂತೋಷದಲ್ಲಿದ್ದರು. ನಾನು ರೈಲಿನ ಹೊತ್ತನ್ನು ಲೆಕ್ಕಹಾಕುತ್ತಿದ್ದೆ. ತರೀಕೆರೆ ಸೇರಿದಾಗ ಬಿಸಿಲು ಇಳಿಯುತ್ತಿತ್ತು. ಭಾವ ತಾವೇ ರೇಷ್ಮೆ ಮಡಿಚಿ ತೆಗೆದರು, ರುದ್ರಾಕ್ಷಿ ಸರವನ್ನು ಕೊರಳಿಗೆ ಹಾಕಿಕೊಂಡರು. ಯುವರಾಜರು ಊರುಗೋಲನ್ನು ಅಕ್ಕನ ಕೈಗೆ ಕೊಟ್ಟು ಒಳಗೆ ಕೂತರು. ಕೀಲಿ ತಿರುಗಿಸುತ್ತಲೇ ಎಂಜಿನ್ ಎದ್ದಿತು. ಹಮಾಲರು ಮಂಡಿ ಬಿಟ್ಟು ಓಡಿಬಂದರು. ಬಂದವರು ನಿಲ್ಲಲು ಜಾಗವಿಲ್ಲದೆ ಎದುರಿನ ಗೋಡೆ ಹತ್ತಿ ಕೂತರು. ಆಗಲೇ ನಮ್ಮೆಲ್ಲರ ಕಣ್ಣು ಆ ಗೋಡೆಯ ಮೇಲೆ ಬಿದ್ದದ್ದು. ಬೆಳಗಿನಿಂದ ಸೀಟಿನ ಚಿಂತೆಯಲ್ಲಿ ಗೋಡೆಯನ್ನು ಯಾರೂ ನೆನೆದಿರಲಿಲ್ಲ.

“ಒಡೀರಿ” ಎಂದೆ ಹಮಾಲರಿಗೆ.

“ತಡೀರೋ. ಅಮಾಸೆ ಕಣಯ್ಯ ಇವತ್ತು. ಅಮಾಸೆ ದಿನ ಗೋಡೆ ಒಡೀತಾರಾ? ನಾಳೆ ಬೆಳಿಗ್ಗೆ ಒಡಿಸ್ತೀನಿ. ನಾಳೆ ಓಡಿಸ್ಲಿ.”

“ನಾಳೆ ಅವರಿರಲ್ಲ ಭಾವ. ಗುರುಗಳೇ ಹೇಳಿದಾರಲ್ಲ.”

“ಗುರುಗಳು ಸೀಟಿಗೆ ಹೇಳವ್ರೆ. ಗೋಡೆಗೆ ಹೇಳಿಲ್ಲ.”

“ಹೇಳಿಲ್ಲ ಅಂದ್ರೆ ಬೇಡ ಬಿಡಿ” ಎಂದಳು ಅಕ್ಕ. “ಸ್ವಾಮಿಗಳ ಹತ್ರ ಗೋಡೇನೂ ಒಯ್ದು ತೋರ್ಸ್ಬೇಕಿತ್ತು ನೀವು.” ಹಮಾಲರು ಗೋಡೆಯ ಮೇಲಿಂದಲೇ ನಕ್ಕರು. ಭಾವ ಅಲುಗಲಿಲ್ಲ.

ಏನು ವಿಷಯ ಎಂದು ಯುವರಾಜರು ಕಿಟಕಿಯಿಂದ ಕೇಳಿದರು. ಅಮಾವಾಸ್ಯೆಯನ್ನು ಇಂಗ್ಲಿಷಿನಲ್ಲಿ ವಿವರಿಸುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. ಇವತ್ತು ಗೋಡೆ ಒಡೆಯುವಂತಿಲ್ಲ ಎಂದಷ್ಟೇ ಹೇಳಿದೆ. ಅವರು ಮುಂದಿನ ಗಾಜಿನಿಂದ ಗೋಡೆಯವರೆಗಿನ ಜಾಗವನ್ನು ನೋಡಿದರು. ಆಮೇಲೆ ಹಿಂದಕ್ಕೆ ತಿರುಗಿ ನೋಡಿದರು. ಮುಂದೆ ಎರಡು ಮಾರು, ಹಿಂದೆ ಒಂದು ಮಾರು ಇದ್ದೀತು. ಭಾವನಿಗೆ ಪಕ್ಕದಲ್ಲಿ ಕೂರುವಂತೆ ಸನ್ನೆ ಮಾಡಿದರು. ಭಾವ ಕೈಮುಗಿದುಕೊಂಡೇ ಕೂತರು.

ಕಾರು ಬಹಳ ಮೆಲ್ಲಗೆ ಮುಂದೆ ಬಂತು, ಗೋಡೆಗೆ ಒಂದು ಗೇಣು ಇದೆ ಎನ್ನುವಾಗ ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಬಂತು. ಪ್ರತಿ ಸಲವೂ ಅವರ ಎಡಗಾಲು ಕ್ಲಚ್ಚಿನ ಮೇಲೆ ನಡುಗುವುದು ಕಾಣುತ್ತಿತ್ತು. ಶೆಡ್ಡಿನ ತುಂಬ ಹೊಗೆ. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಗೋಡೆಯ ಮೇಲಿನವರು ಕಾಲು ಎತ್ತಿಕೊಂಡು ಕೂತರು. ಸುಮಾರು ಹೊತ್ತು ಹಾಗೆ ನಡೆಯಿತು. ನಾನೇ ರೈಲಿಗೆ ಹೊತ್ತಾಯಿತೆಂದು ನೆನಪಿಸಿದೆ. ಎಂಜಿನ್ ನಿಲ್ಲಿಸಿ, ಇಳಿದು, ಭಾವನ ಕೈ ಹಿಡಿದು ಅವರು ಒಂದು ಮಾತು ಹೇಳಿದರು. ಸುಮ್ಮನೆ ನಿಂತರೆ ಗಾಲಿಗಳು ಹಾಳಾಗುತ್ತವೆ, ವಾರಕ್ಕೊಮ್ಮೆ ಇಷ್ಟಾದರೂ ಓಡಿಸಿ ಎಂದು. ಅದನ್ನು ನಾನು ಕನ್ನಡದಲ್ಲಿ ಹೇಳಿದೆ. ಭಾವ ತಲೆಬಾಗಿ ಕೇಳಿಸಿಕೊಂಡರು. ಕಡೂರಿನವರೆಗೂ ಯುವರಾಜರು ಎಡಗಾಲನ್ನು ನೀವಿಕೊಳ್ಳುತ್ತಾ ಕೂತಿದ್ದರು. ರೈಲು ಸಿಕ್ಕಿತು.

ಅಂದಿನಿಂದ ಪ್ರತಿ ಸೋಮವಾರ ಮೆಕ್ಯಾನಿಕ್ ಬಂದು ಎಡಗಡೆ ಸೀಟಿನಲ್ಲಿ ಕೂರುತ್ತಿದ್ದ. ಅದಕ್ಕೆ ಈಗ ಅಡ್ಡಿಯಿರಲಿಲ್ಲ. ಭಾವ ಸ್ನಾನ ಮಾಡಿ ವಿಭೂತಿ ಧರಿಸಿ ಬಲಗಡೆ ಕೂರುತ್ತಿದ್ದರು. ಕಾರು ಎರಡು ಮಾರು ಮುಂದೆ ಬರುತ್ತಿತ್ತು, ಹಿಂದೆ ಹೋಗುತ್ತಿತ್ತು.

“ಅಮಾವಾಸ್ಯೆ ಕಳೆದು ಎಷ್ಟು ದಿನ ಆಯ್ತು ಭಾವ” ಎಂದೆ. “ಗೋಡೆ ಒಡೆಸಿದರೆ ಲಿಂಗದಹಳ್ಳಿವರೆಗೂ ಹೋಗಿ ಬರಬಹುದಲ್ಲ.”

“ಅವರು ಇಷ್ಟು ಓಡಿಸಿ ಅಂದವ್ರೆ” ಎಂದರು ಭಾವ. “ನೀನೇ ಅಲ್ವೇನಯ್ಯಾ ಕನ್ನಡದಾಗೆ ಹೇಳಿದ್ದು?”